ಸೆಲಡಾನ್ ತಟ್ಟೆಯ ಬುಡ ನೋಡಿದವಳು

ಪಕ್ಕದ ಮನೆಯಿಂದ ಬ್ರೆಡ್ ಬಂದಿದ್ದ ತಟ್ಟೆಯನ್ನು ತೊಳೆಯುತ್ತಿದ್ದ ಅಮ್ಮ ಇದ್ದಕ್ಕಿದ್ದ ಹಾಗೆ ನಲ್ಲಿ ನಿಲ್ಲಿಸಿದಳು. ಒದ್ದೆ ತಟ್ಟೆಯನ್ನು ಬೋರಲು ಮಾಡಿ ಕಿಟಕಿಯ ಬೆಳಕಿಗೆ ಹಿಡಿದಳು. ಹೆಬ್ಬೆರಳಿನಿಂದ ಬುಡವನ್ನು ಒಂದು ಸುತ್ತು ಸವರಿದಳು. ಆಮೇಲೆ ನನ್ನನ್ನು ಕರೆದು, "ಇದು ಬ್ರೆಡ್ ಇಡೋ ತಟ್ಟೆ ಅಲ್ಲ ಕಣೆ," ಅಂದಳು.

"ಮತ್ತಿನ್ನೇನು?"

"ಹಳೇದು. ತುಂಬಾ ಹಳೇದು. ಸೌದೆ ಭಟ್ಟೀಲಿ ಬೆಂದಿರೋದು. ಆಯಮ್ಮಂಗೆ ಗೊತ್ತಿಲ್ಲ ಅನ್ಸತ್ತೆ."

ನಾನು ಆಗಷ್ಟೇ ಕೆಲಸದಿಂದ ಬಂದು, ಬಟ್ಟೆ ಬದಲಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಕೂತಿದ್ದೆ. ಲಾಕ್‌ಡೌನ್ ಶುರುವಾದ ವರ್ಷದ ಏಪ್ರಿಲ್ ಅದು. ಕಾರ್ಕ್ ನಗರದ ಅಂಚಿನ ಡಗ್ಲಸ್‌ನಲ್ಲಿ, ಒಂದರ ಪಕ್ಕ ಒಂದು ಅಂಟಿಕೊಂಡಂತೆ ಕಟ್ಟಿದ ಮನೆಗಳ ಸಾಲಿನಲ್ಲಿ ನಮ್ಮ ಬಾಡಿಗೆ ಮನೆ. ನನ್ನ ಗಂಡ ಮಹಡಿಯ ಚಿಕ್ಕ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ದಿನವಿಡೀ ಆಫೀಸಿನ ಕಾಲ್‌ಗಳಲ್ಲಿ ಇರುತ್ತಿದ್ದ. ನಾನು ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದೆ. ಔಷಧದ ಕೆಲಸ ನಿಲ್ಲುವಂತಿರಲಿಲ್ಲ. ಎಲ್ಲರೂ ಮನೆಯಿಂದ ಎರಡು ಕಿಲೋಮೀಟರ್ ದಾಟಬಾರದೆಂದಿದ್ದ ಆ ದಿನಗಳಲ್ಲೂ ಕಂಪನಿಯ ಪತ್ರವೊಂದನ್ನು ಕಾರಿನಲ್ಲಿಟ್ಟುಕೊಂಡು ದಿನಾ ಹೋಗಿ ಬರುತ್ತಿದ್ದೆ.

ಅಮ್ಮ ಫೆಬ್ರವರಿಯಲ್ಲಿ ಮೂರು ತಿಂಗಳ ಮಟ್ಟಿಗೆಂದು ಬೆಂಗಳೂರಿನಿಂದ ಬಂದಿದ್ದಳು. ಬಂದ ಮೊದಲ ವಾರಗಳಲ್ಲಿ ಒಂದು ಕೋಟೆ, ಒಂದು ಸಮುದ್ರ, ಒಂದು ದೊಡ್ಡ ಚರ್ಚು ನೋಡಿದಳು. ಅಷ್ಟರಲ್ಲಿ ಎಲ್ಲ ಮುಚ್ಚಿತು. ವಿಮಾನವೂ ನಿಂತಿತು. "ಬಂದಿದ್ದು ಊರು ನೋಡಕ್ಕೆ, ನೋಡ್ತಿರೋದು ನಿಮ್ಮನೆ ಹಿತ್ತಲು," ಎಂದು ನಗುತ್ತಿದ್ದಳೇ ಹೊರತು ಗೋಳಾಡಲಿಲ್ಲ.

ಪಕ್ಕದ ಮನೆಯಲ್ಲಿದ್ದವರು ಒಬ್ಬಂಟಿ ಹಿರಿಯ ಹೆಂಗಸು. ನಲವತ್ತು ವರ್ಷ ಶಾಲೆಯಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಎಪ್ಪತ್ತು ದಾಟಿದವರೆಲ್ಲ ಮನೆಯೊಳಗೇ ಇರಬೇಕೆಂದು ಸರ್ಕಾರ ಹೇಳಿದ್ದರಿಂದ ಅವರ ಸಾಮಾನು ತರುವ ಕೆಲಸ ನನ್ನದಾಗಿತ್ತು. ಅಮ್ಮ ಅವರನ್ನು ಟೀಚರಮ್ಮ ಅನ್ನುತ್ತಿದ್ದಳು. ಎರಡು ಹಿತ್ತಲುಗಳ ನಡುವೆ ಸೊಂಟದೆತ್ತರದ ಒಂದು ಗೋಡೆ. ಅಮ್ಮ ಅದರ ಮೇಲೆ ಚಿತ್ರಾನ್ನದ ಡಬ್ಬಿ ಇಟ್ಟು ಹಿಂದೆ ಸರಿಯುತ್ತಿದ್ದಳು, ಟೀಚರಮ್ಮ ಬಂದು ಎತ್ತಿಕೊಂಡು, ಮಾರನೆಯ ದಿನ ತಾವೇ ಸುಟ್ಟ ಕಂದು ಬ್ರೆಡ್ಡನ್ನು ಕೈಗೆ ಸಿಕ್ಕ ತಟ್ಟೆಯಲ್ಲಿಟ್ಟು ಅಲ್ಲೇ ಇಡುತ್ತಿದ್ದರು. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಟೀಚರಮ್ಮನ ಕಾರ್ಕ್ ಇಂಗ್ಲಿಷಂತೂ ನನಗೇ ಅರ್ಧ ಅರ್ಥವಾಗುತ್ತಿತ್ತು. ಆದರೂ ಅವರಿಬ್ಬರು ನಾನಿಲ್ಲದ ಹೊತ್ತಿನಲ್ಲಿ ಏನೋ ಮಾತಾಡಿಕೊಂಡಿರುತ್ತಿದ್ದರು. ಅಮ್ಮ ಅವರಿಂದ ಕಲಿತ ಮೊದಲ ಪದ "ಗ್ರ್ಯಾಂಡ್", ಇಲ್ಲಿಯವರಿಗೆ ಅದು ಬರೀ ಸರಿಯಾಗಿದೆ ಎಂದಷ್ಟೆ. ಸಾರಿಗೆ ಉಪ್ಪು ಸರಿಯಾಗಿದೆಯಾ ಎಂದು ಕೇಳಿದರೂ "ಗ್ರ್ಯಾಂಡಾಗೈತೆ" ಅನ್ನತೊಡಗಿದ್ದಳು.

ಅವತ್ತು ಬಂದ ತಟ್ಟೆ ಹಸಿರು. ಎಲೆಯ ಹಸಿರಲ್ಲ. ಮೋಡ ಕವಿದ ದಿನ ಕೆರೆಯ ನೀರಿಗಿರುತ್ತದಲ್ಲ, ಬೂದಿ ಬೆರೆತಂಥದ್ದು, ಅದು. ಒಳಗೆ ನಡುವಿನಲ್ಲಿ ಒಂದು ಹೂವು, ಅದರ ಸುತ್ತ ಬಳ್ಳಿ, ಎಲ್ಲವೂ ಬಣ್ಣದಿಂದ ಬರೆದದ್ದಲ್ಲ, ಮಣ್ಣಿನಲ್ಲೇ ಕೊರೆದದ್ದು. ಮೇಲೆ ಗಾಜಿನ ಹಾಗೆ ದಪ್ಪ ಮೆರುಗು. ಆ ಮೆರುಗಿನ ತುಂಬ ಕೂದಲೆಳೆಯ ಬಿರುಕುಗಳು. ನನ್ನ ಕಣ್ಣಿಗೆ ಅಂಗಡಿಯಲ್ಲಿ ಸಿಗುವ ಯಾವುದೋ ಚಂದದ ತಟ್ಟೆ, ಅಷ್ಟೆ.

"ಅಮ್ಮಾ, ನೀನು ಮಾಡ್ತಿದ್ದಿದ್ದು ಕರೆಂಟ್ ಕಂಬದ ಪಿಂಗಾಣಿ ಇನ್ಸುಲೇಟರ್," ಅಂದೆ. "ಇದೆಲ್ಲ ಆಂಟಿಕ್ ವಿಷಯ. ಅದಕ್ಕೆ ಓದಿರೋರು ಇರ್ತಾರೆ. ಸುಮ್ನೆ ತೊಳೆದಿಡು."

ದಣಿದಿದ್ದೆ, ನಿಜ. ಆದರೆ ಆ ಮಾತು ದಣಿವಿನಿಂದ ಬಂದದ್ದಲ್ಲ. ಅಪ್ಪ ಬೆಂಗಳೂರಿನ ಪೋರ್ಸಲಿನ್ ಕಾರ್ಖಾನೆಯೊಂದರ ಭಟ್ಟಿ ವಿಭಾಗದಲ್ಲಿದ್ದರು. ನನಗೆ ಆರು ವರ್ಷವಿದ್ದಾಗ ತೀರಿಕೊಂಡರು. ಕಾರ್ಖಾನೆ ಅಮ್ಮನಿಗೆ ಕೆಲಸ ಕೊಟ್ಟಿತು, ಮೆರುಗು ಹಚ್ಚುವ ವಿಭಾಗದಲ್ಲಿ. ಮೂವತ್ತೊಂದು ವರ್ಷ ಅವಳು ಇನ್ಸುಲೇಟರುಗಳನ್ನು ಮೆರುಗಿನ ತೊಟ್ಟಿಯಲ್ಲಿ ಅದ್ದಿ ತೆಗೆದಳು. ಸಂಜೆ ಮನೆಗೆ ಬಂದಾಗ ಅವಳ ಉಗುರಿನ ಸಂದಿಗಳಲ್ಲಿ ಬಿಳಿ ಹಿಟ್ಟು. ಶಾಲೆಯಲ್ಲಿ ತಾಯಿಯ ಉದ್ಯೋಗ ಕೇಳಿದರೆ ನಾನು "ಕಂಪನಿಯಲ್ಲಿ" ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ. ಆ ಅಭ್ಯಾಸ ಮಾಸ್ಟರ್ಸ್ ಓದಲು ಐರ್ಲೆಂಡಿಗೆ ಬಂದಮೇಲೂ ಬಿಟ್ಟಿರಲಿಲ್ಲ.

ಅಮ್ಮ ತಟ್ಟೆಯನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಊಟದ ಮೇಜಿನ ಮೇಲೆ ಟವೆಲ್ ಹಾಸಿ, ಅದರ ಮೇಲೆ ಬೋರಲಿಟ್ಟಳು. ಕುರ್ಚಿ ಎಳೆದು ಕೂತು, ಎದುರಿನ ಕುರ್ಚಿ ತೋರಿಸಿದಳು.

"ಕೂತ್ಕೋ. ಬುಡ ನೋಡು. ಇಲ್ಲಿಗೆ ಗ್ಲೇಜ್, ಅದೇ ಮೆರುಗು, ನಿಂತೋಗೈತೆ, ನೋಡ್ದಾ? ಬುಡಕ್ಕೆ ಗ್ಲೇಜ್ ಇದ್ರೆ ಭಟ್ಟೀಲಿ ಕೆಳಗಿನ ಹಲಗೆಗೆ ಅಂಟ್ಕೊಂಡ್ಬಿಡತ್ತೆ. ನಾನು ದಿನಾ ಮಾಡ್ತಿದ್ದಿದ್ದು ಅದೇ. ಅದ್ದೋದು, ಎತ್ತೋದು, ಸ್ಪಂಜಲ್ಲಿ ಬುಡ ಒರ್ಸೋದು. ಇದನ್ನ ಒರ್ಸಿರೋನು ಬೆರಳಲ್ಲಿ ಒರ್ಸವ್ನೆ. ಇಲ್ಲಿ ನೋಡು, ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ."

ನಾನು ಬಗ್ಗಿ ನೋಡಿದೆ. ಬೂದು ಮಣ್ಣು, ಮೆರುಗು ಮುಗಿಯುವ ಅಂಚಿನಲ್ಲಿ ಇಟ್ಟಿಗೆಗೆಂಪು. ನಡುವಿನಲ್ಲಿ ಬಳೆಯಷ್ಟು ದೊಡ್ಡದಾದ ಒಂದು ಕಪ್ಪು ಉಂಗುರ, ಬಿಸಿ ಪಾತ್ರೆ ಇಟ್ಟ ಗುರುತಿನಂತೆ.

"ಇದೇನು?"

"ಅದೇ ನಂಗೂ ಯೋಚ್ನೆ. ಯಾವ್ದೋ ಕೊಳವೆ ಥರದ ಸ್ಟ್ಯಾಂಡ್ ಮೇಲೆ ಇಟ್ಟು ಸುಟ್ಟವ್ರೆ. ತಟ್ಟೆ ಅದರ ಬಾಯಿ ಮೇಲೆ ಕೂತಿತ್ತು, ಅದಕ್ಕೇ ರೌಂಡಾಗಿ ಕಪ್ಪಾಗೈತೆ."

ಆಮೇಲೆ ತಟ್ಟೆಯನ್ನು ಮಗುಚಿದಳು. ಗೆರೆ ಆಳವಾಗಿರುವಲ್ಲಿ ಮೆರುಗು ಹರಿದು ನಿಂತು ಕಡುಹಸಿರಾಗಿದೆ, ಅಂಚಿನಲ್ಲಿ ತೆಳುವಾಗಿ ಬಿಳುಚಿದೆ ಎಂದು ತೋರಿಸಿದಳು. ದಳಗಳ ಒಳಗಿದ್ದ ಸಣ್ಣ ಸಣ್ಣ ಸಮಾನ ಗೆರೆಗಳನ್ನು ಒಂದೊಂದಾಗಿ ಎಳೆದದ್ದಲ್ಲ, ಬಾಚಣಿಗೆಯಂಥ ಹಲ್ಲಿನ ಉಪಕರಣವನ್ನು ಹಸಿ ಮಣ್ಣಿನ ಮೇಲೆ ಒಂದೇ ಉಸಿರಿಗೆ ಎಳೆದದ್ದು ಅಂದಳು. ಹಸಿರು ಬಂದದ್ದು ಬಣ್ಣದಿಂದಲ್ಲ. "ಗ್ಲೇಜಲ್ಲಿ ಚೂರೇ ಚೂರು ಕಬ್ಬಿಣ ಇರತ್ತೆ. ಭಟ್ಟಿಗೆ ಗಾಳಿ ಕಮ್ಮಿ ಮಾಡಿ ಉಸಿರುಕಟ್ಟಿಸಿದ್ರೆ ಆ ಕಬ್ಬಿಣ ಹಸಿರಾಗತ್ತೆ. ಗಾಳಿ ಜಾಸ್ತಿ ಆದ್ರೆ ಹಳದಿ, ಕಂದು. ನಿಮ್ಮಪ್ಪ ಭಟ್ಟಿ ಹತ್ರ ನಿಂತು ಹೊಗೆ ಬಣ್ಣ ನೋಡ್ಕೊಂಡೇ ಹೇಳೋರು." ಬಿರುಕುಗಳ ಮೇಲೆ ಬೆರಳಾಡಿಸಿ ನಕ್ಕಳು. "ನಮ್ಮಲ್ಲಿ ಇಂಥ ಒಂದು ಬಿರುಕು ಬಂದ್ರೂ ರಿಜೆಕ್ಟು. ಇಲ್ಲಿ ನೋಡು, ಅದೇ ಶೃಂಗಾರ."

ಅಪ್ಪನ ಬಗ್ಗೆ ಅವಳು ಅಷ್ಟು ಸಲೀಸಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಲ್ಯಾಬಿನಲ್ಲಿ ಮಾತ್ರೆಗಳನ್ನು ಪರೀಕ್ಷಿಸಲು ನನಗೆ ನಾಲ್ಕು ಯಂತ್ರಗಳು ಬೇಕು. ಅವಳಿಗೆ ಒಂದು ಹೆಬ್ಬೆರಳು ಸಾಕಾಗಿತ್ತು.

ಮಾರನೆಯ ದಿನ ಶನಿವಾರ. ಅಮ್ಮನ ಜೊತೆ ಗೋಡೆಯ ಹತ್ತಿರ ಹೋಗಿ, ತಟ್ಟೆಯನ್ನು ಅದರ ಮೇಲಿಟ್ಟು, ಇದು ಎಲ್ಲಿಯದೆಂದು ಟೀಚರಮ್ಮನನ್ನು ಕೇಳಿದೆ. ಅವರು ಜೋರಾಗಿ ನಕ್ಕರು.

"ಅದಾ? ನನ್ನ ಅಣ್ಣ ತಂದದ್ದು. ರಸ್ತೆ ಎಂಜಿನಿಯರ್ ಆಗಿದ್ದ. ಚಿಕ್ಕ ವಯಸ್ಸಿನಲ್ಲಿ ಉತ್ತರ ಥಾಯ್ಲೆಂಡಿನಲ್ಲಿ ಕೆಲಸ ಮಾಡಿದ. ಹಳ್ಳಿ ಸಂತೆಯಲ್ಲಿ ಕೊಂಡ ಮೂರು ವಸ್ತುಗಳನ್ನು ಸಾಯುವವರೆಗೂ ಕಪಾಟಿನಲ್ಲಿಟ್ಟಿದ್ದ. ಅವನು ಹೋದಮೇಲೆ ಹಳೆಯ ಸಾಮಾನಿಗೆ ಬೆಲೆ ಕಟ್ಟುವ ಒಬ್ಬರನ್ನು ಕರೆಸಿದ್ದೆ. ಬಾಗಿಲಲ್ಲಿ ನಿಂತೇ ನೋಡಿ, ಪ್ರವಾಸಿಗಳಿಗೆ ಮಾರುವ ಹೊಸ ಮಾಲು ಅಂದರು. ಸರಿ, ಹೊಸದಾದರೆ ಬಳಸೋಣ ಅಂತ ಬ್ರೆಡ್ಡಿಗಿಟ್ಟುಕೊಂಡೆ."

"ಅವರು ತಿರುಗಿಸಿ ನೋಡಿದ್ರಾ?" ನಾನು ಅಮ್ಮನ ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಿ ಕೇಳಿದೆ.

ಟೀಚರಮ್ಮ ಗೋಡೆಯ ಮೇಲಿದ್ದ ತಟ್ಟೆಯ ಕಡೆ ನೋಡಿದರು. "ಇಲ್ಲ. ಮುಟ್ಟಲೇ ಇಲ್ಲ."

ಒಳಗೆ ಹೋಗಿ ಉಳಿದೆರಡನ್ನೂ ತಂದು, ಗೋಡೆಯ ಮೇಲೆ ಮಡಿಸಿದ ಕಂಬಳಿ ಹಾಕಿ ಇಟ್ಟು ದೂರ ನಿಂತರು. ಒಂದು ಅಂಗೈಯಷ್ಟಿನ ದುಂಡು ಹೊಟ್ಟೆಯ ಕುಪ್ಪಿ, ಕತ್ತಿನ ಎರಡೂ ಕಡೆ ಪುಟ್ಟ ಕಿವಿಗಳು. ಇನ್ನೊಂದು ಬಟ್ಟಲು, ಹೊರಗೆಲ್ಲ ಕಮಲದ ದಳ, ಎಷ್ಟು ನುಣುಪೆಂದರೆ ಬೆಳಕು ಜಾರುತ್ತಿತ್ತು. "ಬಟ್ಟಲು ನನಗೆ ಪ್ರಾಣ," ಅಂದರು ಟೀಚರಮ್ಮ. "ಅಣ್ಣನಿಗೂ ಅದೇ ಇಷ್ಟ. ಮೂರರಲ್ಲಿ ಅದೇ ಅಪರೂಪದ್ದು ಅನ್ನುತ್ತಿದ್ದ."

ಅಮ್ಮ ಕೈಗೆ ಸ್ಯಾನಿಟೈಸರ್ ಹಚ್ಚಿ, ಅದು ಆರುವವರೆಗೆ ಕಾದು, ಮೊದಲು ಕುಪ್ಪಿ ಎತ್ತಿದಳು. ಬುಡ ನೋಡಿದಳು, ಕಿವಿಯ ಹಿಂದೆ ಬೆರಳು ತೂರಿಸಿದಳು, ತಲೆಯಾಡಿಸಿದಳು. ಆಮೇಲೆ ಬಟ್ಟಲು. ಅದನ್ನು ಬಹಳ ಹೊತ್ತು ಹಿಡಿದಿದ್ದಳು. ತಿರುಗಿಸಿದಳು, ಮತ್ತೆ ತಿರುಗಿಸಿದಳು. ನಿಧಾನವಾಗಿ ಕಂಬಳಿಯ ಮೇಲಿಟ್ಟು ನನ್ನ ಕಡೆ ನೋಡಿದಳು.

"ಕುಪ್ಪಿ ಹಳೇದು. ತಟ್ಟೆ ಹಳೇದು. ಇದು ಹೊಸದು ಕಣೆ. ಹೇಳ್ಬೇಡ. ಪಾಪ."

ಟೀಚರಮ್ಮನಿಗೆ ಕನ್ನಡ ಬೇಕಾಗಲಿಲ್ಲ. "ಹೇಳಿ," ಅಂದರು ನನಗೆ. "ನಲವತ್ತು ವರ್ಷ ಮಕ್ಕಳ ಮುಖ ನೋಡಿ ಉತ್ತರ ಪತ್ರಿಕೆ ಊಹಿಸಿದವಳು ನಾನು. ನಿಮ್ಮ ತಾಯಿಯ ಮುಖದಲ್ಲಿ ಏನೋ ಇದೆ."

ನಾನು ಅಮ್ಮನನ್ನು ನೋಡಿದೆ. ಅವಳು ಒಂದು ನಿಟ್ಟುಸಿರು ಬಿಟ್ಟು, "ಹಂಗಾದ್ರೆ ಸುಳ್ಳು ಹೇಳಬಾರ್ದು," ಎಂದು ಶುರುಮಾಡಿದಳು. ಬಟ್ಟಲಿನ ದಳಗಳೆಲ್ಲ ಒಂದೇ ಅಳತೆ, ಕೈಯಿಂದ ಕೊರೆದರೆ ಹಾಗೆ ಬರುವುದಿಲ್ಲ, ಅದು ಅಚ್ಚಿನಲ್ಲಿ ಒತ್ತಿದ್ದು. ಮೆರುಗು ಎಲ್ಲೂ ಹರಿದಿಲ್ಲ, ಎಲ್ಲೂ ನಿಂತಿಲ್ಲ, ಅಂದರೆ ಯಂತ್ರದಿಂದ ಸಿಂಪಡಿಸಿದ್ದು. ಬುಡದ ಕಪ್ಪು ಬಳಿದದ್ದು. ಒದ್ದೆ ಬಟ್ಟೆಯ ತುದಿಯಿಂದ ಉಜ್ಜಿ ತೋರಿಸಿದಳು. ಬಟ್ಟೆಗೆ ಕಪ್ಪು ಬಂತು. ನಾನು ಒಂದೊಂದೇ ವಾಕ್ಯವನ್ನು ಇಂಗ್ಲಿಷ್ ಮಾಡಿದೆ, ಪ್ರತಿ ವಾಕ್ಯಕ್ಕೂ ಟೀಚರಮ್ಮನ ಕುತ್ತಿಗೆ ಇನ್ನಷ್ಟು ನೆಟ್ಟಗಾಗುತ್ತಿತ್ತು.

"ಥ್ಯಾಂಕ್ ಯೂ," ಅಂದರು ಕೊನೆಗೆ. ಮೂರನ್ನೂ ಎತ್ತಿಕೊಂಡು ಒಳಗೆ ಹೋದರು.

ಭಾನುವಾರ ಬರಲಿಲ್ಲ. ಸೋಮವಾರವೂ ಇಲ್ಲ. ಗೋಡೆಯ ಮೇಲಿಟ್ಟ ಡಬ್ಬಿ ಹಾಗೇ ಇತ್ತು. ಅಮ್ಮ ಹತ್ತು ಸಲ ಹಿಂಬಾಗಿಲು ತೆರೆದು ನೋಡಿದಳು. "ಸತ್ತೋಗಿರೋ ಅಣ್ಣನ ವಸ್ತು ಅದು. ನಾನ್ಯಾಕೆ ಬಾಯಿ ಬಿಟ್ಟೆ," ಎಂದು ಪೇಚಾಡಿದಳು. ನನ್ನ ಗಂಡ ಮಹಡಿಯಿಂದ ಇಳಿದು ಬಂದು, "ಅತ್ತೆ, ಅವರೇ ಕೇಳಿದ್ದಲ್ವಾ? ನೀವು ನಿಜ ಹೇಳಿದ್ರಿ, ಅಷ್ಟೆ," ಅಂದ. ಅವಳಿಗೆ ಸಮಾಧಾನವಾಗಲಿಲ್ಲ.

ಮಂಗಳವಾರ ನಾನು ಕೆಲಸದಿಂದ ಬಂದಾಗ ಹಿತ್ತಲಿನಲ್ಲಿ ಮಾತು ಕೇಳಿಸಿತು. ಹೋಗಿ ನೋಡಿದರೆ, ಗೋಡೆಯ ಆ ಕಡೆ ಟೀಚರಮ್ಮ ಮಡಚುವ ಕುರ್ಚಿಯಲ್ಲಿ ಕೂತಿದ್ದಾರೆ, ಕೈಯಲ್ಲಿ ಭೂತಗನ್ನಡಿ, ತೊಡೆಯ ಮೇಲೆ ನೋಟ್‌ಬುಕ್ಕು. ಈ ಕಡೆ ಅಮ್ಮ ನನ್ನ ಚಳಿ ಕೋಟು ಹಾಕಿಕೊಂಡು, ಸೀರೆಯ ನೆರಿಗೆಯ ಕೆಳಗೆ ಕಾಲುಚೀಲ ಎಳೆದುಕೊಂಡು ಕೂತಿದ್ದಾಳೆ. ನನ್ನನ್ನು ಕಂಡ ಕೂಡಲೇ ಟೀಚರಮ್ಮ ಅಂದರು:

"ಎರಡು ದಿನ ಸಿಟ್ಟಾಗಿತ್ತು. ನಿಮ್ಮ ತಾಯಿಯ ಮೇಲಲ್ಲ, ಅಣ್ಣನಿಗೆ ಮೋಸ ಮಾಡಿದ ಯಾರೋ ವ್ಯಾಪಾರಿಯ ಮೇಲೆ. ಆಮೇಲೆ ಯೋಚಿಸಿದೆ. ಮೂರರಲ್ಲಿ ಎರಡು ಅಸಲಿ ಅಂತ ಈ ಊರಿನಲ್ಲಿ ಯಾರೂ ನನಗೆ ಹೇಳಿರಲಿಲ್ಲ. ನನಗೆ ನೋಡುವುದು ಕಲಿಸಬೇಕು ಅಂತ ಹೇಳಿ ಅವರಿಗೆ."

ಹಾಗೆ ಶುರುವಾಯಿತು ಅವರ ಪಾಠ. ಮಳೆಯಿಲ್ಲದ ಮಧ್ಯಾಹ್ನಗಳಲ್ಲಿ, ಗೋಡೆಯ ಎರಡು ಕಡೆ ಎರಡು ಮೀಟರ್ ಬಿಟ್ಟು, ಮೇ ತಿಂಗಳೆಲ್ಲ ನಡೆಯಿತು. ನಲವತ್ತು ವರ್ಷ ಪಾಠ ಹೇಳಿದವರು ವಿದ್ಯಾರ್ಥಿ, ಹೈಸ್ಕೂಲು ಮುಗಿಸದ ಅಮ್ಮ ಮೇಷ್ಟ್ರು. ಟೀಚರಮ್ಮನ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ "ಮಣ್ಣು", "ಬೂದಿ", "ಬೆಂಕಿ", "ಬುಡ" ಎಂದು ಬರೆದಿದ್ದನ್ನು ನಾನೇ ನೋಡಿದೆ. "ಬುಡ"ದ ಕೆಳಗೆ ಎರಡು ಗೆರೆ. ಅವರು ಅಂಚೆಯಲ್ಲಿ ಆಗ್ನೇಯ ಏಷ್ಯಾದ ಮಡಕೆಗಳ ಬಗ್ಗೆ ಪುಸ್ತಕಗಳನ್ನು ತರಿಸಿದರು. ಒಂದರಲ್ಲಿ ನಮ್ಮ ತಟ್ಟೆಯ ಅಕ್ಕನೋ ತಂಗಿಯೋ ಅನ್ನಬಹುದಾದ ಚಿತ್ರ ಸಿಕ್ಕಿತು. ಥಾಯ್ಲೆಂಡಿನ ಸಿ ಸಚ್ಚನಾಲೈ ಎಂಬ ಊರಿನ ಹೊಳೆಯ ದಂಡೆಯ ಭಟ್ಟಿಗಳಲ್ಲಿ ಸುಟ್ಟದ್ದು, ಸುಮಾರು ಐನೂರು ವರ್ಷ ಹಿಂದಿನದು. ಈ ಹಸಿರು ಮೆರುಗಿನ ಪಾತ್ರೆಗಳಿಗೆ ಸೆಲಡಾನ್ ಎಂದು ಹೆಸರು. ಅಲ್ಲಿಂದ ಹಡಗು ತುಂಬಿ ದೂರ ದೂರದ ದ್ವೀಪಗಳಿಗೆ ಹೋಗುತ್ತಿದ್ದವಂತೆ.

"ಐನೂರು ವರ್ಷ," ಎಂದು ನಾನು ಹೇಳಿದಾಗ ಅಮ್ಮ ಬೆರಗಾಗಲಿಲ್ಲ. ಅವಳ ಗಮನ ಬೇರೆಲ್ಲೋ ಇತ್ತು. "ಈ ಹೂ ಕೊರೆದಿರೋರು ಎಡಗೈಯವ್ರು," ಅಂದಳು.

"ಅದ್ಹೆಂಗೆ ಗೊತ್ತಾಗತ್ತೆ?"

"ಕತ್ತಿ ಓರೆ ಹಿಡಿದು ಎಳೆದವ್ರೆ. ಒಂದು ಕಡೆ ಆಳ, ಒಂದು ಕಡೆ ಇಳಿಜಾರು. ಬಲಗೈಲಿ ಎಳೆದ್ರೆ ಇಳಿಜಾರು ಆ ಕಡೆ ಬರ್ಬೇಕಿತ್ತು. ನನ್ನ ಪಕ್ಕ ಕೆಲಸ ಮಾಡ್ತಿದ್ದೋಳು ಎಡಚಿ. ಅವಳ ಸ್ಪಂಜಿನ ಗುರುತು ನೂರರಲ್ಲಿ ಇಟ್ರೂ ಹೇಳ್ಬಿಡ್ತಿದ್ದೆ. ಇಲ್ಲಿ ನೋಡು, ಈ ದಳದಲ್ಲಿ ಕೈ ಜಾರೈತೆ. ಪಕ್ಕದ ದಳಕ್ಕೆ ಹೋಗ್ಬಿಟ್ಟವ್ರೆ. ಬಿಸಾಕಿಲ್ಲ, ಒಂದು ಎಲೆ ಮಾಡಿ ಮುಚ್ಚಿಟ್ಟವ್ರೆ. ಜಾಣರು."

ಹೌದು, ಅಲ್ಲೊಂದು ಎಲೆ ಇತ್ತು, ಬೇರೆಲ್ಲೂ ಇಲ್ಲದ ಎಲೆ. ಪುಸ್ತಕ ಓದಿದ ನಾನೂ ಟೀಚರಮ್ಮನೂ ಅದನ್ನು ವಿನ್ಯಾಸ ಅಂದುಕೊಂಡಿದ್ದೆವು. ಐನೂರು ವರ್ಷ ಹಿಂದಿನ ಒಬ್ಬ ಕೆಲಸಗಾರನ ತಪ್ಪನ್ನು ಡಗ್ಲಸ್ಸಿನ ಹಿತ್ತಲಿನಲ್ಲಿ ಕೂತು ಹಿಡಿದು, ಹಿಡಿದ ಕ್ಷಣದಲ್ಲೇ ಮೆಚ್ಚಿದವಳು ನನ್ನ ಅಮ್ಮ. ಅವತ್ತು ನನಗೆ ಎದೆ ಉಬ್ಬಿತು ಅಂದರೆ ಉತ್ಪ್ರೇಕ್ಷೆಯಲ್ಲ. ಉಬ್ಬಿದ ಬೆನ್ನಿಗೇ ನಾಚಿಕೆಯೂ ಆಯಿತು, ಆ ಸಂಜೆ ಆಡಿದ ಇನ್ಸುಲೇಟರ್ ಮಾತಿಗೆ. ಅಡಿಗೆಮನೆಯಲ್ಲಿ ಅವಳ ಪಕ್ಕ ನಿಂತು, "ಅವತ್ತು ಹಂಗೆ ಅನ್ಬಾರ್ದಾಗಿತ್ತು ಕಣಮ್ಮ," ಅಂದೆ.

"ಯಾವತ್ತು?" ಅಂದಳು. ನೆನಪಿತ್ತು ಅವಳಿಗೆ. ಕೊತ್ತಂಬರಿ ಹೆಚ್ಚುತ್ತಲೇ, "ನೀನು ಚಿಕ್ಕೋಳಿದ್ದಾಗ್ಲೂ ಫ್ಯಾಕ್ಟರಿ ಗೇಟ್ ಹತ್ರ ಬರ್ತಿರಲಿಲ್ಲ. ನಂಗೊತ್ತು ಬಿಡು," ಅಂದಳು. ಸಿಟ್ಟಿರಲಿಲ್ಲ. ನನಗೆ ಬೈದಿದ್ದರೆ ಹಗುರವಾಗುತ್ತಿತ್ತು.

ಜೂನ್‌ನಲ್ಲಿ ಟೀಚರಮ್ಮ ಥಾಯ್ಲೆಂಡಿನ ಒಬ್ಬ ಸಂಶೋಧಕಿಗೆ ಇಮೇಲ್ ಬರೆದರು. ಆ ಹಳೆಯ ಭಟ್ಟಿಗಳ ಉತ್ಖನನದಲ್ಲಿ ಕೆಲಸ ಮಾಡಿದ್ದವರು, ನಮ್ಮ ಪುಸ್ತಕವೊಂದರ ಕೊನೆಯ ಪುಟದಲ್ಲಿ ಅವರ ವಿಳಾಸವಿತ್ತು. ಉತ್ತರ ಬೇಗ ಬಂತು. ಅವರೂ ಮನೆಯಲ್ಲೇ ಇದ್ದರಲ್ಲ. ಒಂದು ಶನಿವಾರ ಬೆಳಿಗ್ಗೆ, ಅವರಿಗೆ ಮಧ್ಯಾಹ್ನ, ವಿಡಿಯೋ ಕಾಲ್ ಎಂದು ನಿಗದಿಯಾಯಿತು. ಅಷ್ಟರಲ್ಲಿ ನಿರ್ಬಂಧ ಸ್ವಲ್ಪ ಸಡಿಲವಾಗಿ ಹೊರಗಡೆ ಜೊತೆಗೆ ಕೂರಬಹುದಾಗಿತ್ತು. ಗೋಡೆಯ ಮೇಲೆ ನನ್ನ ಲ್ಯಾಪ್‌ಟಾಪ್ ಇಟ್ಟೆವು. ಅಮ್ಮ ರೇಷ್ಮೆ ಸೀರೆ ಉಟ್ಟು, ತಲೆ ಬಾಚಿ, ಮದುವೆಗೆ ಹೊರಟವಳ ಹಾಗೆ ಬಂದು ಕೂತಳು.

ಸಂಶೋಧಕಿ ಮೆದುಮಾತಿನವರು. ಪರದೆಯಲ್ಲಿ ನೋಡಿ ಖಚಿತವಾಗಿ ಹೇಳಲು ಆಗುವುದಿಲ್ಲ, ಕೈಯಲ್ಲಿ ಹಿಡಿಯಬೇಕು ಎಂದು ಮೊದಲೇ ಎಚ್ಚರಿಸಿದರು. ಅಮ್ಮ ತಟ್ಟೆಯನ್ನು ಕ್ಯಾಮೆರಾದ ಮುಂದೆ ಹಿಡಿದಳು. ಅವರು ಹೂವನ್ನು ನೋಡಿದರು, ಅಂಚನ್ನು ನೋಡಿದರು. "ಬುಡ," ಎಂದು ಅವರು ಕೇಳುವ ಮೊದಲೇ ಅಮ್ಮ ಮಗುಚಿದ್ದಳು. ಕಪ್ಪು ಉಂಗುರ ಕಂಡ ಕೂಡಲೇ ಸಂಶೋಧಕಿ ಪರದೆಯ ಹತ್ತಿರಕ್ಕೆ ಬಗ್ಗಿದರು.

"ಈ ಗುರುತಿನ ಬಗ್ಗೆ ನಿಮ್ಮ ತಾಯಿ ಏನಂತಾರೆ?"

ಅಮ್ಮ ಹೇಳಿದಳು, ನಾನು ಅನುವಾದಿಸಿದೆ: ಕೊಳವೆಯಂಥ ಮಣ್ಣಿನ ಸ್ಟ್ಯಾಂಡು, ಅದರ ಬಾಯಿ ತಟ್ಟೆಯ ಬುಡಕ್ಕಿಂತ ಚಿಕ್ಕದು, ತಟ್ಟೆಯನ್ನು ನೆಲದ ಬೂದಿಯಿಂದ ಎತ್ತಿ ಹಿಡಿಯಲು. ಅದು ತಟ್ಟೆ ಊರಿ ನಿಲ್ಲುವ ಬುಡದ ಅಂಚಿನೊಳಗೇ ಕೂತಿದ್ದರಿಂದ ಆ ಅಂಚು ಸೊಟ್ಟಗಾಗಿಲ್ಲ.

ಸಂಶೋಧಕಿ ಎದ್ದು ಹೋದರು. ವಾಪಸು ಬಂದಾಗ ಅವರ ಕೈಯಲ್ಲಿ ಗೇಣುದ್ದದ, ಒರಟಾದ, ಸುಟ್ಟ ಮಣ್ಣಿನ ಒಂದು ಕೊಳವೆ ಇತ್ತು. ಅಗೆದಾಗ ಸಿಕ್ಕವುಗಳ ತದ್ರೂಪ, ಪಾಠಕ್ಕೆಂದು ಮಾಡಿಸಿದ್ದು ಅಂದರು. ಅದನ್ನು ಕ್ಯಾಮೆರಾದ ಮುಂದೆ ನೆಟ್ಟಗೆ ಹಿಡಿದರು. ಅಮ್ಮ ಕೈಚಪ್ಪಾಳೆ ತಟ್ಟಿದಳು. "ನೋಡ್ದಾ! ನಾನು ಹೇಳಿರಲಿಲ್ವಾ!" ಎಂದು ನನ್ನ ತೋಳು ಗುದ್ದಿದಳು.

ಅವರಿಬ್ಬರು ಒಂದು ಗಂಟೆ ಮಾತಾಡಿದರು. ಎಡಗೈಯ ವಿಷಯ ಹೇಳಿದಾಗ ಸಂಶೋಧಕಿ, "ನಾನು ಎಷ್ಟೋ ಚೂರುಗಳನ್ನು ನೋಡಿದ್ದೇನೆ, ಇದನ್ನು ಯೋಚಿಸಿರಲಿಲ್ಲ," ಎಂದು ಬರೆದುಕೊಂಡರು. ಕೊನೆಗೆ ನನ್ನನ್ನು ಕೇಳಿದರು: "ನಿಮ್ಮ ತಾಯಿ ಯಾವ ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡಿದ್ದು?"

ಟೀಚರಮ್ಮ ನನ್ನ ಕಡೆ ನೋಡಿದರು. ಅಮ್ಮನೂ ನೋಡಿದಳು, ಪ್ರಶ್ನೆ ಅವಳಿಗೆ ಅರ್ಥವಾಗಿತ್ತು.

"ಮ್ಯೂಸಿಯಂ ಅಲ್ಲ," ಅಂದೆ. "ಕಾರ್ಖಾನೆಯಲ್ಲಿ. ವಿದ್ಯುತ್ ಕಂಬದ ಇನ್ಸುಲೇಟರುಗಳಿಗೆ ಮೆರುಗು ಹಚ್ಚುತ್ತಿದ್ದಳು, ಮೂವತ್ತೊಂದು ವರ್ಷ. ನನ್ನನ್ನು ಓದಿಸಿದ್ದು ಆ ಕೆಲಸ."

ಸಂಶೋಧಕಿ ಪರದೆಯಲ್ಲೇ ಕೈ ಜೋಡಿಸಿ, ತಲೆ ಬಾಗಿಸಿ ಅಮ್ಮನಿಗೆ ವಂದಿಸಿದರು. ಅದು ಅವರ ದೇಶದ ರೂಢಿ, ಎಲ್ಲರಿಗೂ ಹಾಗೇ ಮಾಡುತ್ತಾರೆ, ಗೊತ್ತು. ಅಮ್ಮನೂ ಕೈ ಜೋಡಿಸಿದಳು. ನಮ್ಮ ದೇಶದ ರೂಢಿಯೂ ಅದೇ ತಾನೇ. ನನಗೆ ಮಾತ್ರ ಕಾಲ್ ಮುಗಿಸುವ ಬಟನ್ ಎಲ್ಲಿದೆಯೆಂದೇ ಕಾಣಲಿಲ್ಲ.

ಅಮ್ಮನಿಗೆ ಹೊರಡುವ ಅವಕಾಶ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ, ವಿಶೇಷ ವಿಮಾನವೊಂದರಲ್ಲಿ. ಟೀಚರಮ್ಮ ಗೇಟಿನ ತನಕ ಬಂದು ನಿಂತರು. ಅಪ್ಪಿಕೊಳ್ಳುವ ಹಾಗಿರಲಿಲ್ಲ. ಇಬ್ಬರೂ ಮಾಸ್ಕಿನೊಳಗೇ ಅತ್ತರು. "ಹುಷಾರಾಗಿರಿ," ಅಂದಳು ಅಮ್ಮ ಕನ್ನಡದಲ್ಲಿ. "ಯು ಟೂ, ಗರ್ಲ್," ಅಂದರು ಅವರು, ಕಾರ್ಕಿನ ಗೆಳತಿಯರು ಎಷ್ಟೇ ವಯಸ್ಸಾದರೂ ಒಬ್ಬರನ್ನೊಬ್ಬರು ಕರೆಯುವ ಹಾಗೆ.

ಮುಂದಿನ ವರ್ಷ ಬೇಸಿಗೆಯಲ್ಲಿ ಮ್ಯೂಸಿಯಂಗಳು ಮತ್ತೆ ತೆರೆದವು. ಡಬ್ಲಿನ್ನಿನಿಂದ ತಜ್ಞರೊಬ್ಬರು ಬಂದು ತಟ್ಟೆಯನ್ನೂ ಕುಪ್ಪಿಯನ್ನೂ ಕೈಯಲ್ಲಿ ಹಿಡಿದು ನೋಡಿ, ಥಾಯ್ ಸಂಶೋಧಕಿಯ ಟಿಪ್ಪಣಿಯೊಂದಿಗೆ ಹೋಲಿಸಿ, ಎರಡೂ ಅಸಲಿ ಎಂದು ಬರೆದುಕೊಟ್ಟರು. ಬಟ್ಟಲಿನ ಬಗ್ಗೆ ಅಮ್ಮ ಹೇಳಿದ್ದನ್ನೇ ಅವರೂ ಹೇಳಿದರು. ಟೀಚರಮ್ಮ ಎರಡನ್ನೂ ಕಾರ್ಕಿನ ಒಂದು ಸಣ್ಣ ಮ್ಯೂಸಿಯಮ್ಮಿಗೆ ಕೊಟ್ಟರು. ಬಟ್ಟಲನ್ನು ಕೊಡಲಿಲ್ಲ. "ಅಣ್ಣ ಅದನ್ನು ಪ್ರೀತಿಸಿದ್ದು ಸುಳ್ಳಲ್ಲವಲ್ಲ," ಅಂದರು.

ಮ್ಯೂಸಿಯಮ್ಮಿನವರು ಪಕ್ಕದಲ್ಲಿಡುವ ಚೀಟಿಯ ಕರಡು ಕಳಿಸಿದಾಗ ಟೀಚರಮ್ಮ ಒಂದು ಸಾಲು ಸೇರಿಸಿದರು. ಜಾಗ ಸಾಲದೆಂದು ಮ್ಯೂಸಿಯಮ್ಮಿನವರು ತೆಗೆದರು. ಇವರು ಫೋನ್ ಮಾಡಿ, ಶಾಲೆಯ ದನಿಯಲ್ಲಿ, ಆ ಸಾಲಿಲ್ಲದಿದ್ದರೆ ತಟ್ಟೆಯೂ ಇಲ್ಲ ಅಂದರಂತೆ. ಸಾಲು ಉಳಿಯಿತು. ನಾನು ಹೋಗಿ ಓದಿದೆ: ಇದನ್ನು ಮೊದಲು ಗುರುತಿಸಿದವರು ಬೆಂಗಳೂರಿನ ಒಬ್ಬ ನಿವೃತ್ತ ಮೆರುಗು ಕಾರ್ಮಿಕರು. ಗಾಜಿನ ಪೆಟ್ಟಿಗೆಯ ಮುಂದೆ ಎಷ್ಟು ಹೊತ್ತು ನಿಂತಿದ್ದೆನೆಂದರೆ ಕಾವಲಿನವರು ಬಂದು ಸಹಾಯ ಬೇಕೇ ಎಂದು ಕೇಳಿದರು. "ಇದು ನನ್ನ ತಾಯಿ," ಎಂದು ಚೀಟಿ ತೋರಿಸಿದೆ. ಅವರು ಬಗ್ಗಿ ಇನ್ನೊಮ್ಮೆ ಓದಿ, "ಫೇರ್ ಪ್ಲೇ ಟು ಹರ್," ಅಂದರು, ಭೇಷ್ ಅನ್ನುವುದಕ್ಕೆ ಇಲ್ಲಿಯವರ ಮಾತು ಅದು.

ಆ ಚಳಿಗಾಲದಲ್ಲಿ ಕಾರ್ಕಿನ ಸಿರಾಮಿಕ್ಸ್ ವಿದ್ಯಾರ್ಥಿಗಳ ಒಂದು ಆನ್‌ಲೈನ್ ತರಗತಿಗೆ ಅಮ್ಮನನ್ನು ಕರೆದರು. ಬೆಂಗಳೂರಿನ ಮನೆಯ ಹಜಾರದಲ್ಲಿ ಕನ್ನಡಕ ಹಾಕಿಕೊಂಡು ಕೂತ ಅಮ್ಮ, ಡಗ್ಲಸ್ಸಿನಲ್ಲಿ ಹೆಡ್‌ಫೋನ್ ಹಾಕಿಕೊಂಡ ನಾನು ಅನುವಾದಕಿ, ಪರದೆಯ ತುಂಬ ಇಪ್ಪತ್ತು ಐರಿಷ್ ಮುಖಗಳು. ಮೆರುಗು ಎಷ್ಟು ದಪ್ಪವಿರಬೇಕೆಂದು ನಿಮಗೆ ಹೇಗೆ ತಿಳಿಯುತ್ತದೆ ಎಂದು ಒಬ್ಬಳು ಕೇಳಿದಳು.

ಅಮ್ಮ ಶುರುಮಾಡಿದಳು. ತೊಟ್ಟಿಯಲ್ಲಿ ಕೈ ಅದ್ದಿ ತೆಗೆದರೆ ಉಗುರಿನ ಅಂಚು ಕಾಣಬೇಕು, ಉಗುರಿನ ಬುಡದ ಗೆರೆ ಕಾಣಬಾರದು, ಮಳೆಗಾಲದಲ್ಲಿ ಲೆಕ್ಕ ಬೇರೆ, ಬೇಸಿಗೆಯಲ್ಲಿ ಬೇರೆ, ತೊಟ್ಟಿಯ ತಳ ಕಲಕುವಾಗ ಕೋಲಿನ ಭಾರ ಹೇಗಿರಬೇಕು, ಹೊಸಬಳಾಗಿ ಸೇರಿದ ಮೊದಲ ತಿಂಗಳು ಎಷ್ಟು ಹಾಳು ಮಾಡಿದಳು, ಅವಳಿಗೆ ಅದನ್ನು ಕಲಿಸಿಕೊಟ್ಟ ಹಿರಿಯ ಹೆಂಗಸು ಯಾರು. ಐದು ನಿಮಿಷ ಬಿಡದೆ ಹೇಳಿದಳು. ನಾನು ಎರಡು ವಾಕ್ಯದಲ್ಲಿ ಇಂಗ್ಲಿಷ್ ಮಾಡಿ ನಿಲ್ಲಿಸಿದೆ.

ಅಮ್ಮ ಕನ್ನಡಕ ಸರಿಪಡಿಸಿಕೊಂಡು ನನ್ನನ್ನೇ ನೋಡಿದಳು.

"ಇಷ್ಟೇನಾ? ನಾನು ಅಷ್ಟೊತ್ತು ಹೇಳ್ದೆ. ಪೂರ್ತಿ ಹೇಳು ಅವ್ರಿಗೆ."

ಅದು ಯಾರಿಗೂ ಅನುವಾದ ಬೇಕಿಲ್ಲದ ಮಾತಾಗಿತ್ತು. ಇಪ್ಪತ್ತು ಮುಖಗಳೂ ನಕ್ಕವು. ನಾನು ಮೈಕ್ ಹತ್ತಿರಕ್ಕೆಳೆದುಕೊಂಡು, ಕ್ಷಮಿಸಿ ಅಂದು, ಮೊದಲಿನಿಂದ ಎಲ್ಲವನ್ನೂ ಹೇಳಿದೆ.